ಅತ್ತೆಗೆ ಬಂದ ಕುಕ್ಕರ್ ಮತ್ತು ಕೂಪನ್ನಿನ ಹಿಂಬದಿ

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಸಾಗರದಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ನಾನು, ನಮ್ಮ ಯಜಮಾನರು, ನಾಲ್ವರು ಕೆಲಸದವರು. ಈ ಸಲ ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಲಕ್ಕಿ ಡ್ರಾ ಇಡಬೇಕೆಂದಿದ್ದೇವೆ. ಪ್ರತಿ 2,000 ರೂಪಾಯಿ ಖರೀದಿಗೆ ಒಂದು ಕೂಪನ್. ಮೊದಲ ಬಹುಮಾನ ಸ್ಕೂಟರ್, ಆಮೇಲೆ ಮೂವರಿಗೆ ಫ್ರಿಜ್, 25 ಜನರಿಗೆ ಸೀರೆ. ಮಗ ಬೆಂಗಳೂರಿನ ದೊಡ್ಡ ಮಳಿಗೆಯೊಂದರ ಷರತ್ತುಗಳನ್ನು ತೆಗೆದು ಅದಕ್ಕೆ ನಮ್ಮ ಅಂಗಡಿಯ ಹೆಸರು ಸೇರಿಸಿ ಕೊಟ್ಟಿದ್ದಾನೆ. ಇಂಗ್ಲಿಷಿನಲ್ಲಿ 19 ಷರತ್ತುಗಳಿವೆ, ಪ್ರತಿ ಲಗತ್ತಿಸಿದ್ದೇನೆ. ಕೂಪನ್ನಿನ ಹಿಂಬದಿಯಲ್ಲಿ ಸಣ್ಣದಾಗಿ ಮುದ್ರಿಸಿದರೆ ಸಾಕೇ?
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಮಗ ಕೊಟ್ಟ 19 ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತಮಿಳುನಾಡಿನ ನಿವಾಸಿಗಳು ಭಾಗವಹಿಸುವಂತಿಲ್ಲ ಎನ್ನುತ್ತದೆ ಏಳನೆಯದು. ಯಾವ ವ್ಯಾಜ್ಯವಿದ್ದರೂ ಮುಂಬೈಯ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು ಎನ್ನುತ್ತದೆ ಹದಿನೆಂಟನೆಯದು. ಸಾಗರದ ಸೀರೆ, ಆನಂದಪುರದ ಗಿರಾಕಿ, ಮುಂಬೈಯ ನ್ಯಾಯಾಲಯ! ಬೆಂಗಳೂರಿನ ಆ ಮಳಿಗೆಯವರೂ ಇದನ್ನು ಇನ್ನೆಲ್ಲಿಂದಲೋ ಎತ್ತಿಕೊಂಡಿರಬೇಕು ಎಂಬುದು ನನ್ನ ಗುಮಾನಿ.

ತಮಿಳುನಾಡಿನ ಸಾಲು ಎಲ್ಲಿಂದ ಬಂತು ಎಂದು ನಿಮಗೂ ಕುತೂಹಲವಿರಬಹುದು. ಬಹುಮಾನ ಯೋಜನೆಗಳನ್ನು ನಿಷೇಧಿಸುವ 1979ರ ಕಾಯ್ದೆಯೊಂದು ಆ ರಾಜ್ಯದಲ್ಲಿದೆ. ಇಡೀ ದೇಶಕ್ಕೆ ಜಾಹೀರಾತು ಕೊಡುವ ಕಂಪನಿಗಳು ಅದಕ್ಕೆ ಹೆದರಿ ಆ ಸಾಲನ್ನು ಹಾಕುತ್ತವೆ. ನಿಮಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಮುಂಬೈಯ ಸಾಲಿನಿಂದಲೂ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ನಿಮ್ಮ ಗಿರಾಕಿ ಶಿವಮೊಗ್ಗದ ಬಸ್ ಹತ್ತಿದರೆ ಸಾಕು.

ಷರತ್ತಿಗೆ ಮೊದಲು ಯೋಜನೆಯ ಮಾತು. ಹಣ ಕೊಟ್ಟು ಪಾಲ್ಗೊಳ್ಳುವುದು, ಅದೃಷ್ಟದ ಮೇಲೆ ಗೆಲ್ಲುವುದು, ಗೆದ್ದರೆ ಬಹುಮಾನ ಸಿಗುವುದು, ಈ ಮೂರೂ ಕೂಡಿದರೆ ಅದಕ್ಕೆ ಲಾಟರಿಯ ವಾಸನೆ ಬರುತ್ತದೆ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ನಿಷಿದ್ಧ. ಅನುಮತಿಯಿಲ್ಲದ ಲಾಟರಿ ನಡೆಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಆರು ತಿಂಗಳವರೆಗೆ ಸೆರೆವಾಸ ಹೇಳುತ್ತದೆ. ಗ್ರಾಹಕ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರಾಟ ಹೆಚ್ಚಿಸಲೆಂದು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದಾಟಗಳನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಇರಿಸಿದೆ. ಹಾಗಾದರೆ ಊರೂರಿನ ಅಂಗಡಿಗಳು ನಡೆಸುತ್ತಿರುವುದೇನು ಎಂದು ನೀವು ಕೇಳುತ್ತೀರಿ. ಹಾರ್ಲಿಕ್ಸ್ ಬಾಟಲಿಗಳೊಳಗೆ ಬಹುಮಾನದ ಚೀಟಿ ಇಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಮೃದುವಾಗಿ ನಡೆದುಕೊಂಡಿತು: ಸಾಮಾನ್ಯ ಅರ್ಥದಲ್ಲಿ ಇದನ್ನು ಲಾಟರಿ ಎನ್ನಲಾಗದು ಎಂದಿತು. ಆದರೆ ಅದು ಏಕಸ್ವಾಮ್ಯ ತಡೆಯುವ ಹಳೆಯ ಕಾಯ್ದೆಯಡಿ ಬಂದ ತೀರ್ಪು, ಇಂದಿನ ಗ್ರಾಹಕ ಕಾಯ್ದೆಯಡಿ ಬಂದದ್ದಲ್ಲ. ಅದನ್ನೇ ಕೊಡೆಯಾಗಿ ಹಿಡಿದು ಮಲೆನಾಡಿನ ಮಳೆಗೆ ಇಳಿಯಿರಿ ಎಂದು ನಾನು ಹೇಳಲಾರೆ.

ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಸ್ಕೂಟರ್ ಬಿಟ್ಟುಬಿಡಿ. 2,000 ದಾಟಿದ ಪ್ರತಿ ಬಿಲ್ಲಿಗೂ ಒಂದು ಬ್ಲೌಸ್ ಪೀಸನ್ನೋ ಸ್ಟೀಲ್ ಡಬ್ಬಿಯನ್ನೋ ಕೊಡಿ. ಎಲ್ಲರಿಗೂ ಸಿಗುವಲ್ಲಿ ಅದೃಷ್ಟದ ಪ್ರಶ್ನೆಯೇ ಇಲ್ಲ, ಕಾನೂನಿನ ತಂಟೆಯೂ ಕಡಿಮೆ. ಎದುರಿನ ಅಂಗಡಿಯವರು ಸ್ಕೂಟರನ್ನು ಹೂಮಾಲೆ ಹಾಕಿ ಬಾಗಿಲಲ್ಲೇ ನಿಲ್ಲಿಸಿದ್ದಾರೆ, ನಮಗೂ ಡ್ರಾ ಆಗಲೇಬೇಕು ಎನ್ನುವಿರಾದರೆ, ಖರೀದಿಸದೆ ಸುಮ್ಮನೆ ಅಂಗಡಿಗೆ ಬಂದವರಿಗೂ ಒಂದು ಕೂಪನ್ ಕೊಡಿ, ಸೀರೆಯ ಬೆಲೆಯನ್ನು ಒಂದು ರೂಪಾಯಿಯೂ ಏರಿಸಬೇಡಿ, ಕೂಪನ್ ಮುದ್ರಿಸುವ ಮೊದಲು ನಿಮ್ಮೂರಿನ ವಕೀಲರೊಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಅಪಾಯ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ದೊಡ್ಡವರಿಗೂ ಇದರಲ್ಲಿ ಸುಖವಿಲ್ಲ. 2007ರಲ್ಲಿ ಕೌನ್ ಬನೇಗಾ ಕರೋಡ್‌ಪತಿ ನೋಡುವವರಿಗಾಗಿ ಎಸ್‌ಎಂಎಸ್ ಸ್ಪರ್ಧೆಯೊಂದು ನಡೆಯಿತು, ಒಂದು ಸಂದೇಶಕ್ಕೆ 2 ರೂಪಾಯಿ 40 ಪೈಸೆ. ಬಹುಮಾನದ ಹಣ ಆ ಸಂದೇಶಗಳಿಂದಲೇ ಬರುತ್ತಿದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗ ಸ್ಪರ್ಧೆ ನಡೆಸಿದ ಕಂಪನಿಗಳಿಗೆ 2008ರಲ್ಲಿ 1 ಕೋಟಿ ರೂಪಾಯಿ ದಂಡ ವಿಧಿಸಿತು. ಅದಕ್ಕೆ ಪುರಾವೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದ್ದು 2019ರಲ್ಲಿ. ಗೆದ್ದರು, ಹನ್ನೊಂದು ವರ್ಷ ಓಡಾಡಿ.

ಇನ್ನು ನೀವು ಕೇಳಿದ ಷರತ್ತಿನ ವಿಷಯ. ಅದಕ್ಕೆ ನಮ್ಮ ಮನೆಯ ಕಥೆಯಿಂದಲೇ ಶುರುಮಾಡಬೇಕು.

ನಮ್ಮ ತಂದೆಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ ದೀಪಾವಳಿಗೆ ಅವರೂ ಒಂದು ಡ್ರಾ ಇಟ್ಟರು, ಮೊದಲ ಬಹುಮಾನ ಐದು ಲೀಟರಿನ ಪ್ರೆಶರ್ ಕುಕ್ಕರ್. ಅಂದಿಗೆ ಅದು ಸಣ್ಣ ವಸ್ತುವಲ್ಲ. ಷರತ್ತು ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಚೀಟಿಗಳೆಲ್ಲ ತಾಮ್ರದ ಹಂಡೆಯೊಂದರಲ್ಲಿ ಇದ್ದವು. ಮಕ್ಕಳ ಕೈಯಲ್ಲಿ ಮೋಸವಿರುವುದಿಲ್ಲ ಎಂದು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿ ಕೈ ಹಾಕಿದೆ, ಚೀಟಿ ತೆಗೆದೆ. ಬಂದದ್ದು ನಮ್ಮ ಸೋದರತ್ತೆಯ ಹೆಸರು! ಅತ್ತೆ ನಿಜವಾಗಿಯೂ ದುಡ್ಡು ಕೊಟ್ಟು ಪಾತ್ರೆ ಕೊಂಡಿದ್ದರು, ನಾನು ನಿಜವಾಗಿಯೂ ಕಣ್ಣು ಮುಚ್ಚಿದ್ದೆ. ಬಜಾರಿನಲ್ಲಿ ನಂಬಿದವರು ಒಬ್ಬರೂ ಇಲ್ಲ. ಜನ ಗುಜುಗುಜು ಎನ್ನತೊಡಗಿದಾಗ ಅಪ್ಪ ಬೆವರೊರೆಸಿಕೊಂಡು ಆ ಚೀಟಿಯನ್ನು ಹಂಡೆಗೆ ಹಾಕಿ ಇನ್ನೊಮ್ಮೆ ಎತ್ತಿಸಿದರು. ಕುಕ್ಕರ್ ಬೇರೆ ಯಾರಿಗೋ ಹೋಯಿತು. ಹದಿನೈದು ವರ್ಷದ ನಂತರ ನನ್ನ ಮದುವೆಗೆ ಬಂದ ಅತ್ತೆ ಅಕ್ಷತೆ ಹಾಕಿ ಊಟ ಮಾಡದೆ ಹೊರಟುಹೋದರು.

‘ಅಂಗಡಿಯ ಮಾಲೀಕರ ಮನೆಯವರು, ಹತ್ತಿರದ ನೆಂಟರು, ಕೆಲಸದವರು ಭಾಗವಹಿಸುವಂತಿಲ್ಲ’ ಎಂಬ ಒಂದು ಸಾಲನ್ನು ಹಂಡೆಯ ಪಕ್ಕದಲ್ಲಿ ಮೊದಲೇ ಅಂಟಿಸಿದ್ದರೆ ಅತ್ತೆ ಚೀಟಿಯನ್ನೇ ಹಾಕುತ್ತಿರಲಿಲ್ಲ. ಚೀಟಿ ಎತ್ತಿದ ಮೇಲೆ ಅಪ್ಪ ಮಾಡಿದ ನಿಯಮ ಮಾತ್ರ, ಅದೆಷ್ಟೇ ನ್ಯಾಯವಾಗಿದ್ದರೂ, ಅತ್ತೆಗೆ ಅವಮಾನವೇ ಆಯಿತು. ನಿಮ್ಮ 19ರಲ್ಲಿ ಈ ಸಾಲು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡುವವರ ಅಕ್ಕತಂಗಿಯರೂ ನಿಮ್ಮಲ್ಲೇ ಸೀರೆ ಕೊಳ್ಳುತ್ತಾರೆ. ಅವರಿಗೆ ಕೂಪನ್ ಬದಲು ಬಿಲ್ಲಿನಲ್ಲಿ ನೇರವಾಗಿ ಸ್ವಲ್ಪ ರಿಯಾಯಿತಿ ಕೊಡಿ, ಬೇಸರವಿರುವುದಿಲ್ಲ.

ಗಲ್ಲಾಪೆಟ್ಟಿಗೆಯ ಮುಂದೆ ಏಳುವ ಜಗಳಗಳನ್ನು ಈಗಲೇ ನೆನೆಸಿಕೊಂಡು ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ಬಿಲ್ 3,900 ಆದರೆ ಕೂಪನ್ ಒಂದೋ, ಎರಡೋ? 2,000 ಎಂಬುದು ರಿಯಾಯಿತಿ ಕಳೆಯುವ ಮೊದಲೋ, ಕಳೆದ ಮೇಲೋ? ಜಿಎಸ್‌ಟಿ ಸೇರಿಯೋ, ಬಿಟ್ಟೋ? ಫಾಲ್, ಜಿಗ್‌ಜಾಗ್, ಕುಚ್ಚು ಕಟ್ಟಿಸಿದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುತ್ತೀರೋ? ಸೋಮವಾರ ಕೊಂಡ ಸೀರೆಯನ್ನು ಬುಧವಾರ ಹಿಂದಿರುಗಿಸಿದರೆ ಆ ಕೂಪನ್ನಿನ ಗತಿಯೇನು? ಮದುವೆ ಜವಳಿಗೆ ಬಂದ ಕುಟುಂಬವೊಂದು 1,60,000 ರೂಪಾಯಿಯ ಸೀರೆ ತೆಗೆದರೆ ಒಬ್ಬರಿಗೇ 80 ಕೂಪನ್ ಕೊಡುತ್ತೀರೋ, ಒಂದು ಬಿಲ್ಲಿಗೆ ಇಷ್ಟೇ ಎಂಬ ಮಿತಿ ಇದೆಯೋ? ಮಿತಿ ಇದ್ದರೆ ಅವರು ಹತ್ತು ಬಿಲ್ ಮಾಡಿಕೊಡಿ ಎನ್ನುತ್ತಾರೆ, ಆಗ? ನಿಮ್ಮ ಕಡೆಯ ದೊಡ್ಡ ಪ್ರಶ್ನೆ ಇನ್ನೊಂದಿದೆ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎಂದು ಉದ್ರಿ ಬರೆಸಿ ಹೋದವರಿಗೆ ಕೂಪನ್ ಅಂದೇ ಕೊಡುತ್ತೀರೋ, ಬಾಕಿ ತೀರಿದ ಮೇಲೋ? ಬೆಂಗಳೂರಿನ ಮಳಿಗೆಗೆ ಉದ್ರಿ ಎಂದರೇನೆಂದೇ ಗೊತ್ತಿಲ್ಲ, ಹಾಗಾಗಿ ಅದರ ಷರತ್ತಿನಲ್ಲಿ ಇದಕ್ಕೆ ಉತ್ತರ ಹುಡುಕಬೇಡಿ.

‘ದೀಪಾವಳಿಯವರೆಗೆ’ ಎಂದು ಬರೆದಿದ್ದೀರಿ. ನರಕ ಚತುರ್ದಶಿಯೋ, ಅಮಾವಾಸ್ಯೆಯೋ, ಪಾಡ್ಯವೋ? ತಾರೀಕು ಹಾಕಿ, ಗಂಟೆಯನ್ನೂ ಹಾಕಿ. ಡ್ರಾ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಚೀಟಿ ಎತ್ತುವವರು ಯಾರು, ಇದೂ ಕೂಪನ್ನಿನಲ್ಲೇ ಇರಲಿ. ಮಗುವಿನ ಕೈಯಿಂದ ಎತ್ತಿಸುವುದಾದರೆ ನಿಮ್ಮ ಮನೆಯ ಮಗು ಖಂಡಿತ ಬೇಡ. ಮೊಬೈಲ್‌ನಲ್ಲಿ ಪೂರ್ತಿ ಚಿತ್ರೀಕರಿಸಿ, ನಡುವೆ ನಿಲ್ಲಿಸಬೇಡಿ.

ಜನ ಅದೃಷ್ಟ ಒಲಿಯಲೆಂದು ಎಳೆಯ ಮಕ್ಕಳ ಹೆಸರಿನಲ್ಲೂ ಕೂಪನ್ ಬರೆಯುತ್ತಾರೆ. 18 ತುಂಬದವರೊಂದಿಗೆ ಒಪ್ಪಂದ ನಿಲ್ಲುವುದಿಲ್ಲ, ಆದ್ದರಿಂದ ಬಿಲ್ಲಿನಲ್ಲಿರುವ ವಯಸ್ಕರ ಹೆಸರನ್ನೇ ಬರೆಸಿ. ಪ್ರೆಸ್‌ನವರಿಂದ ಕೂಪನ್ ಪುಸ್ತಕಗಳು ಬಂದಾಗ ಸಂಖ್ಯೆಗಳನ್ನು ಒಮ್ಮೆ ತಾಳೆ ನೋಡಿ. 1992ರಲ್ಲಿ ಫಿಲಿಪೀನ್ಸ್‌ನಲ್ಲಿ ಪೆಪ್ಸಿ ಬಾಟಲಿಯ ಮುಚ್ಚಳದೊಳಗೆ ಸಂಖ್ಯೆ ಮುದ್ರಿಸಿ ಬಹುಮಾನ ಇಟ್ಟಿದ್ದರು, ದೊಡ್ಡದು ಹತ್ತು ಲಕ್ಷ ಪೆಸೊ. ಒಂದು ರಾತ್ರಿ ಟಿ.ವಿ.ಯಲ್ಲಿ 349 ಗೆದ್ದಿತು ಎಂದರು. ಆ ಸಂಖ್ಯೆಯ ಮುಚ್ಚಳಗಳು ಲಕ್ಷಗಟ್ಟಲೆ ಮುದ್ರಣವಾಗಿ ಜನರ ಕೈ ಸೇರಿದ್ದವು. ಬೀದಿಗಳಲ್ಲಿ ಬೆಂಕಿ ಬಿತ್ತು, ವ್ಯಾಜ್ಯ ಆ ದೇಶದ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2006ರಲ್ಲಿ. ನಿಮ್ಮಲ್ಲಿ ಹೆಚ್ಚೆಂದರೆ ಒಂದೇ ಸಂಖ್ಯೆಯ ಎರಡು ಕೂಪನ್ ಬಂದಾವು. ‘ಕೌಂಟರ್‌ಫಾಯಿಲ್, ಬಿಲ್ ಸಂಖ್ಯೆ ಎರಡೂ ಹೊಂದಿದ ಕೂಪನ್ ಮಾತ್ರ ಸಿಂಧು’ ಎಂಬ ಸಾಲು ಅಲ್ಲಿ ಕೈಹಿಡಿಯುತ್ತದೆ.

ಸ್ಕೂಟರಿನ ತೆರಿಗೆಯ ವಿಷಯ ನಿಮ್ಮ 19ರಲ್ಲಿ ‘ಅನ್ವಯಿಸುವ ತೆರಿಗೆಗಳು’ ಎಂಬ ಎರಡು ಪದಗಳಲ್ಲಿ ಮುಗಿದಿದೆ. ಅದು ಸಾಲದು. ಚೀಟಿ ಎತ್ತಿ ಕೊಡುವ ಬಹುಮಾನ 10,000 ರೂಪಾಯಿ ದಾಟಿದರೆ ನೂರಕ್ಕೆ 30ರಷ್ಟು ಆದಾಯ ತೆರಿಗೆ ಮುರಿಯಬೇಕು. ಬಹುಮಾನ ವಸ್ತುವಾಗಿದ್ದರೆ, ತೆರಿಗೆ ಕಟ್ಟಿದ್ದು ಖಚಿತವಾದ ಮೇಲೆಯೇ ಅದನ್ನು ಕೊಡಬೇಕು, ಆ ಹೊಣೆ ಅಂಗಡಿಯದು. ಸ್ಕೂಟರ್ 95,000 ಎಂದಿಟ್ಟುಕೊಳ್ಳಿ, ತೆರಿಗೆ 28,500. ಅಡಿಕೆ ಸುಲಿಯಲು ಹೋಗುವ ಹೆಂಗಸಿಗೆ ಸ್ಕೂಟರ್ ಬಂದರೆ ‘ನನಗೆ ಆದಾಯವೇ ಇಲ್ಲವಲ್ಲ’ ಎಂಬ ಮಾತೂ ನಡೆಯುವುದಿಲ್ಲ, ಇಂಥ ಗೆಲುವಿಗೆ ಆದಾಯದ ಕನಿಷ್ಠ ಮಿತಿಯ ವಿನಾಯಿತಿ ಇಲ್ಲ. ಚೀಟಿ ಗೆದ್ದವಳು ಅಂದೇ ಸಾಲಕ್ಕೆ ಅಲೆಯಬೇಕು. ಆದ್ದರಿಂದ ತೆರಿಗೆ ಯಾರದ್ದು, ನೋಂದಣಿ ಮತ್ತು ವಿಮೆ ಯಾರದ್ದು, ಅದನ್ನು ರೂಪಾಯಿಯ ಲೆಕ್ಕದಲ್ಲಿ ಬರೆಯಿರಿ. ನೀವೇ ಭರಿಸುತ್ತೀರಾದರೆ ಒಳ್ಳೆಯದು, ಆದರೆ ನೀವು ಕಟ್ಟುವ ತೆರಿಗೆಯೂ ಬಹುಮಾನದ ಭಾಗವೆಂದೇ ಎಣಿಕೆಯಾಗುತ್ತದೆ, ಮೊತ್ತ 28,500ಕ್ಕಿಂತ ಮೇಲೇರುತ್ತದೆ. ಜೊತೆಗೆ, ಉಡುಗೊರೆಯಾಗಿ ಕೊಟ್ಟ ವಸ್ತುವಿನ ಮೇಲೆ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಇವೆರಡನ್ನೂ ನಿಮ್ಮ ಆಡಿಟರ್ ಮುಂದೆ ಇಡಿ. 25 ಸೀರೆಗಳು ಒಂದೊಂದೂ 10,000ದೊಳಗೇ ಇದ್ದರೆ ಆದಾಯ ತೆರಿಗೆ ಮುರಿಯುವ ತಲೆನೋವು ಅವಕ್ಕಿಲ್ಲ.

ಬಹುಮಾನವನ್ನು ವರ್ಣಿಸುವಾಗಲೂ ಕೈ ಬಿಗಿ ಮಾಡಬೇಡಿ. ಕೆಲವು ವರ್ಷಗಳ ಹಿಂದೆ ನನಗೇ ಒಂದು ಅಂಗಡಿಯ ಡ್ರಾದಲ್ಲಿ ಬೆಳ್ಳಿ ದೀಪ ಬಂತು. ಮೂರನೆಯ ಶುಕ್ರವಾರಕ್ಕೆ ಅದು ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಹೋಗಿ ಕೇಳಿದರೆ, ಷರತ್ತಿನಲ್ಲಿ ‘ಚಿತ್ರ ಕೇವಲ ಸಾಂದರ್ಭಿಕ’ ಎಂದಿದೆಯಲ್ಲ ಮೇಡಂ ಎಂದರು. ದೂರು ಕೊಡಲಿಲ್ಲ. ಆ ದೀಪ ಈಗಲೂ ನನ್ನ ಕಚೇರಿಯ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಟ್ಟಿದ್ದೇನೆ. ನೀವು ಸ್ಕೂಟರಿನ ಮಾದರಿ, ಫ್ರಿಜ್ಜಿನ ಲೀಟರ್, ಸೀರೆಯ ಬೆಲೆ ಬರೆಯಿರಿ.

ಹದಿನಾಲ್ಕನೆಯದನ್ನು ಹೊಡೆದುಹಾಕಿ: ‘ಯಾವುದೇ ಮುನ್ಸೂಚನೆಯಿಲ್ಲದೆ ಯೋಜನೆಯನ್ನು ಬದಲಿಸುವ, ರದ್ದುಪಡಿಸುವ ಹಕ್ಕು ಅಂಗಡಿಗಿದೆ.’ ಕೂಪನ್ನಿನ ಆಸೆಗೆ ನಿಮ್ಮ ಅಂಗಡಿ ಹತ್ತಿದವರಿಗೆ ನೀವು ಮಾತು ಕೊಟ್ಟಾಗಿದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯುವ ಹಕ್ಕು ಇಟ್ಟುಕೊಳ್ಳುವುದು ಅನುಚಿತ ಒಪ್ಪಂದದ ಗುರುತುಗಳಲ್ಲೊಂದು ಎಂದು 2019ರ ಕಾಯ್ದೆಯೇ ಹೇಳುತ್ತದೆ. ನೆರೆ ಬಂದರೆ, ಅಂಗಡಿಗೆ ಅನಾಹುತವಾದರೆ ಡ್ರಾ ಯಾವಾಗ ನಡೆಯುತ್ತದೆ ಎಂದು ಬರೆಯಿರಿ, ಅಷ್ಟೇ ಬೇಕಿರುವುದು.

ಕೂಪನ್ ಮೇಲೆ ಬರೆದುಕೊಟ್ಟ ಫೋನ್ ಸಂಖ್ಯೆಗಳನ್ನು ಏನು ಮಾಡುತ್ತೀರಿ? ಮುಂದಿನ ಯುಗಾದಿಗೆ ವಾಟ್ಸ್‌ಆ್ಯಪ್‌ನಲ್ಲಿ ಸೀರೆಯ ಚಿತ್ರ ಕಳುಹಿಸುವ ಆಲೋಚನೆ ಇದ್ದೇ ಇರುತ್ತದೆ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಯ ಜೀವಾಳ ಇಷ್ಟು: ಯಾವ ಕೆಲಸಕ್ಕೆಂದು ಹೇಳಿ ಪಡೆದಿರೋ ಆ ಕೆಲಸಕ್ಕೇ ಬಳಸಬೇಕು. ‘ಹೊಸ ಮಾಲಿನ ವಿಷಯ ತಿಳಿಸಬಹುದು’ ಎಂದು ಬೇರೆ ಚೌಕವೊಂದನ್ನು ಮುದ್ರಿಸಿ, ಒಪ್ಪಿದವರು ಗುರುತು ಹಾಕಲಿ. ಒಪ್ಪದವರಿಗೂ ಕೂಪನ್ ಸಿಗಲೇಬೇಕು.

ಕಡೆಗೆ ನಿಮ್ಮ ನೇರ ಪ್ರಶ್ನೆ: ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ, ಸಣ್ಣದಾಗಿ ಮುದ್ರಿಸಿದರೆ ಸಾಕೇ? ಸಾಲದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯ ಪ್ರಕಾರ, ಭರವಸೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸೇರಿದ ಷರತ್ತೂ ಅದೇ ಭಾಷೆಯಲ್ಲಿರಬೇಕು, ಕಣ್ಣಿಗೆ ಬೀಳುವಂತಿರಬೇಕು. ‘ಸ್ಕೂಟರ್ ಗೆಲ್ಲಿರಿ’ ಎಂದು ಕನ್ನಡದಲ್ಲಿ ಕೂಗಿ, ‘ಆದರೆ’ ಎಂಬುದನ್ನು ಮಾತ್ರ ಇಂಗ್ಲಿಷಿನಲ್ಲಿ ಪಿಸುಗುಟ್ಟುವ ಚಾಳಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಕೂಪನ್ನಿನಲ್ಲಿ ಜಾಗವಿಲ್ಲದಿದ್ದರೆ ಮುಖ್ಯವಾದವನ್ನು ಅಲ್ಲಿ ಹಾಕಿ, ಪೂರ್ತಿ ಪಟ್ಟಿಯನ್ನು ಬಿಲ್ ಮಾಡುವ ಮೇಜಿನ ಪಕ್ಕದ ಗೋಡೆಗೆ ಅಂಟಿಸಿ. ನಾನಾದರೆ ಕೂಪನ್ನಿನ ಮೇಲೆ ಹೀಗೆ ಬರೆಯುತ್ತೇನೆ:

‘ರಿಯಾಯಿತಿ ಕಳೆದು, ಜಿಎಸ್‌ಟಿ ಸೇರಿ, ಪ್ರತಿ ಪೂರ್ಣ 2,000 ರೂಪಾಯಿಗೆ ಒಂದು ಕೂಪನ್, ಒಂದು ಬಿಲ್ಲಿಗೆ ಹೆಚ್ಚೆಂದರೆ ಹತ್ತು. ಹೊಲಿಗೆ ಕೂಲಿ ಲೆಕ್ಕಕ್ಕಿಲ್ಲ. ಉದ್ರಿ ಖರೀದಿಗೆ ಬಾಕಿ ತೀರಿದ ದಿನ ಕೂಪನ್. ಖರೀದಿ ಮಾಡದವರೂ ಅಂಗಡಿಗೆ ಬಂದು ಒಬ್ಬರಿಗೆ ಒಂದರಂತೆ ಕೂಪನ್ ಪಡೆಯಬಹುದು. ಮಾಲು ಹಿಂದಿರುಗಿಸಿದರೆ ಆ ಕೂಪನ್ ರದ್ದು. 18 ವರ್ಷ ತುಂಬಿರಬೇಕು. ನಮ್ಮ ಮನೆಯವರು, ನೆಂಟರು, ಕೆಲಸದವರು ಹಾಗೂ ಅವರ ಮನೆಯವರು ಸೇರುವಂತಿಲ್ಲ. ಗೆದ್ದವರಿಗೆ ಮೂರು ದಿನ ದಿನಕ್ಕೊಂದು ಬಾರಿ ಕರೆ ಮಾಡುತ್ತೇವೆ, ಸ್ಪೀಡ್ ಪೋಸ್ಟ್‌ನಲ್ಲಿ ಪತ್ರವನ್ನೂ ಕಳುಹಿಸುತ್ತೇವೆ. 30 ದಿನದೊಳಗೆ ಬಾರದಿದ್ದರೆ, ಡ್ರಾ ದಿನವೇ ಎತ್ತಿ ಕಾಯ್ದಿರಿಸಿದ ಚೀಟಿಯವರಿಗೆ ಬಹುಮಾನ. ಬಹುಮಾನದ ಬದಲು ನಗದು ಇಲ್ಲ.’

ತಾರೀಕು, ಸ್ಥಳ, ತೆರಿಗೆಯ ಸಾಲು, ಬಹುಮಾನದ ವಿವರ ನೀವು ತುಂಬಿ. ‘ನೆಂಟರು’ ಎಂದರೆ ಎಲ್ಲಿಯವರೆಗೆ ಎಂಬುದನ್ನು ಗೋಡೆಯ ಪಟ್ಟಿಯಲ್ಲಿ ಬಿಡಿಸಿ ಬರೆಯಿರಿ. ಸಾಗರದಲ್ಲಿ ಆ ಮಾತಿಗೆ ಎಲ್ಲೆ ಹಾಕದಿದ್ದರೆ ಅರ್ಧ ಊರೇ ಹೊರಗುಳಿಯುತ್ತದೆ. ಫಲಿತಾಂಶವನ್ನು ಒಳಗೇ ಇಟ್ಟುಕೊಳ್ಳುವುದೂ ಕಾಯ್ದೆಯ ಪ್ರಕಾರ ಅನುಚಿತ ಪದ್ಧತಿ. ಯೋಜನೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದ್ದರೆ ಫಲಿತಾಂಶವೂ ಅದೇ ಪತ್ರಿಕೆಯಲ್ಲಿ ಎದ್ದುಕಾಣುವಂತೆ ಬರಬೇಕು. ಆಟೋಗೆ ಮೈಕು ಕಟ್ಟಿ ಕೂಗಿಸಿದ್ದರೆ ಗೆದ್ದ ಸಂಖ್ಯೆಗಳನ್ನೂ ಅದೇ ಆಟೋದಲ್ಲಿ ಕೂಗಿಸಿ ಎಂಬುದು ನನ್ನ ಸೇರ್ಪಡೆ.

ಪ್ರಶ್ನೆ: ನನ್ನದು ರಾಣೆಬೆನ್ನೂರಿನಲ್ಲಿ ಪೀಠೋಪಕರಣ ಅಂಗಡಿ. 300 ಸದಸ್ಯರಿಂದ ತಿಂಗಳಿಗೆ 1,000 ರೂಪಾಯಿಯಂತೆ 20 ತಿಂಗಳು ಸಂಗ್ರಹಿಸಿ, ತಿಂಗಳಿಗೊಮ್ಮೆ ಡ್ರಾ ಮಾಡುವ ಲಕ್ಕಿ ಸ್ಕೀಮ್ ಆರಂಭಿಸಲಿದ್ದೇನೆ. ಗೆದ್ದವರು ಸಾಮಾನು ಒಯ್ಯಬಹುದು, ಮುಂದಿನ ಕಂತು ಕಟ್ಟಬೇಕಿಲ್ಲ. ಷರತ್ತುಗಳನ್ನು ಬರೆದುಕೊಡುವಿರಾ?
– ಓದುಗ, ರಾಣೆಬೆನ್ನೂರು

ಉತ್ತರ: ಬರೆದುಕೊಡುವುದಿಲ್ಲ. ಕಂತಿನಲ್ಲಿ ಹಣ ಕೂಡಿಸಿ ಚೀಟಿ ಎತ್ತಿ ಬಹುಮಾನ ಕೊಡುವುದನ್ನೇ 1978ರ ಪ್ರೈಜ್ ಚಿಟ್ಸ್ ನಿಷೇಧ ಕಾಯ್ದೆ ತಡೆಯುತ್ತದೆ. ಮೂರು ವರ್ಷದವರೆಗೆ ಸೆರೆವಾಸವಿದೆ. ಯಾವ ಷರತ್ತು ಬರೆದರೂ ಇದು ನೇರವಾಗುವುದಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿ ನಡೆಸುವ ಚೀಟಿ ವ್ಯವಹಾರ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಎಲ್ಲ ಅಂಗಡಿಯವರೂ ಮಾಡುತ್ತಿದ್ದಾರೆ ಎಂದು ಪತ್ರದ ಕೊನೆಯಲ್ಲಿ ಸೇರಿಸಿದ್ದೀರಿ. ಪೊಲೀಸರು ಬಂದ ದಿನ ಆ ಎಲ್ಲರೂ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಹಣ ಸಂಗ್ರಹ ಶುರುವಾಗಿದ್ದರೆ ಈ ವಾರವೇ ರಸೀದಿ ಪಡೆದು ಹಿಂದಿರುಗಿಸಿ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ಹೋಮ್‌ಸ್ಟೇ ಇದೆ. ಮಳೆಗಾಲದ ಛಾಯಾಚಿತ್ರ ಸ್ಪರ್ಧೆ ಇಡುತ್ತಿದ್ದೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಂಚಿಕೊಂಡು ಹೆಚ್ಚು ಲೈಕ್ ಪಡೆದವರಿಗೆ ಎರಡು ರಾತ್ರಿಯ ವಾಸ್ತವ್ಯ ಉಚಿತ. ‘ಬಂದ ಚಿತ್ರಗಳೆಲ್ಲ ನಮ್ಮ ಸ್ವತ್ತು’ ಎಂದು ಬರೆದರೆ ಸಾಕಲ್ಲವೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕನ್ನು ವರ್ಗಾಯಿಸಬೇಕಾದರೆ ಛಾಯಾಗ್ರಾಹಕರ ಸಹಿಯಿರುವ ಬರಹ ಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷ ಎಂದು ಕಾಯ್ದೆ ಭಾವಿಸುತ್ತದೆ. ಅಷ್ಟಕ್ಕೂ ಸೋತವರ ಚಿತ್ರಗಳನ್ನೂ ನುಂಗುವ ಆಸೆ ಏಕೆ? ಗೆದ್ದ ಮೂರು ಚಿತ್ರಗಳನ್ನು ಇಂತಿಷ್ಟು ವರ್ಷ, ಛಾಯಾಗ್ರಾಹಕರ ಹೆಸರಿನೊಂದಿಗೆ ನಿಮ್ಮ ಪ್ರಚಾರಕ್ಕೆ ಬಳಸುವ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಚಿತ್ರದಲ್ಲಿ ತೋಟದ ಕೆಲಸದವರ ಮುಖವಿದ್ದರೆ ಅವರನ್ನೂ ಕೇಳಿ.

ಲೈಕ್ ಎಣಿಸಿ ಗೆದ್ದವರನ್ನು ಆರಿಸಿದರೆ ನಿಮಗೆ ಸಿಗುವುದು ದೊಡ್ಡ ಬಳಗವಿರುವವರೇ ಹೊರತು ಒಳ್ಳೆಯ ಛಾಯಾಗ್ರಾಹಕರಲ್ಲ. ಇಬ್ಬರು ತೀರ್ಪುಗಾರರನ್ನು ಇಡಿ, ಅವರು ಏನನ್ನು ನೋಡುತ್ತಾರೆಂದು ಮೊದಲೇ ಹೇಳಿ. ತಮ್ಮ ಗೋಡೆಯಲ್ಲಿ ಹಂಚಿಕೊಂಡರೆ ಮಾತ್ರ ಪ್ರವೇಶ ಎಂಬ ಷರತ್ತನ್ನು ಫೇಸ್‌ಬುಕ್ ತನ್ನ ನಿಯಮದಲ್ಲೇ ಒಪ್ಪುವುದಿಲ್ಲ. ಸ್ಪರ್ಧೆಗೂ ತನಗೂ ಸಂಬಂಧವಿಲ್ಲ ಎಂದು ನೀವು ಬರೆಯಬೇಕೆಂದು ಇನ್‌ಸ್ಟಾಗ್ರಾಮ್ ಕೇಳುತ್ತದೆ. ‘ಎರಡು ರಾತ್ರಿ’ ಎಂದರೆ ಊಟ ಸೇರಿಯೋ, ಎಷ್ಟು ಜನಕ್ಕೆ, ಡಿಸೆಂಬರ್ ರಜೆಯಲ್ಲಿ ಬರಬಹುದೋ, ಎಷ್ಟು ತಿಂಗಳೊಳಗೆ ಎಂಬುದನ್ನೂ ಬರೆಯಿರಿ. ಗೆದ್ದವರು ಹನ್ನೊಂದು ಜನರೊಂದಿಗೆ ಟೆಂಪೋದಲ್ಲಿ ಬಂದಿಳಿದಾಗ ಆ ಸಾಲನ್ನು ಹುಡುಕುತ್ತೀರಿ.